ಎಳೆಯುವಾಗಲೋ, ಬಿಡುವಾಗಲೋ?

“ನಿಮಗೆ ಕಷ್ಟವಾಗುವುದು ಉಸಿರನ್ನು ಎಳೆದುಕೊಳ್ಳುವಾಗಲೋ, ಬಿಡುವಾಗಲೋ?” ಎಂದು ವೈದ್ಯರೊಬ್ಬರು ನನ್ನನ್ನು ಮೊದಲ ಬಾರಿಗೆ ಕೇಳಿದಾಗ ನನ್ನ ಕಾಯಿಲೆಗೆ ಎರಡು ವರ್ಷ ತುಂಬಿತ್ತು. ಅಷ್ಟರಲ್ಲಿ ನಾನು ನಾಲ್ಕು ಬಗೆಯ ಇನ್ಹೇಲರ್‌ಗಳನ್ನು ಬಳಸಿ ನೋಡಿದ್ದೆ, ಸ್ಟೀರಾಯ್ಡ್ ಮಾತ್ರೆಗಳ ಹಲವು ಸುತ್ತುಗಳನ್ನು ಮುಗಿಸಿದ್ದೆ, ನಡುರಾತ್ರಿಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ಹಾಸಿಗೆಯ ಮೇಲೆ ನೆಬ್ಯುಲೈಸರ್ ಕಟ್ಟಿಕೊಂಡು ಕುಳಿತದ್ದೂ ಆಗಿತ್ತು. ಆದರೂ ಆ ಸರಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉಸಿರು ಸಿಗದೆ ಒದ್ದಾಡುವವರಿಗೆ ಅದು ಯಾವ ದಿಕ್ಕಿನಲ್ಲಿ ತಡೆಯುತ್ತಿದೆ ಎಂದು ಗಮನಿಸುವ ವ್ಯವಧಾನ ಎಲ್ಲಿಂದ ಬರಬೇಕು? ನಮ್ಮ ಭಾಷೆಯೂ ಈ ವಿಷಯದಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಉಬ್ಬಸ, ಗೂರಲು, ದಮ್ಮು, ಏದುಸಿರು, ಮೇಲುಸಿರು ಎಂದು ಉಸಿರಿನ ಕಷ್ಟಕ್ಕೆ ಕನ್ನಡದಲ್ಲಿ ಪದಗಳು ಧಾರಾಳವಾಗಿವೆ. ಆದರೆ “ಉಸಿರು ಕಟ್ಟಿತು” ಎಂದಾಗ ಗಾಳಿ ಒಳಗೆ ಬರಲಿಲ್ಲವೋ, ಹೊರಗೆ ಹೋಗಲಿಲ್ಲವೋ ಎಂಬುದು ಆ ಮಾತಿನಲ್ಲಿ ಎಲ್ಲಿಯೂ ಇಲ್ಲ. ನನ್ನ ಎರಡು ವರ್ಷಗಳು ಕಳೆದುಹೋದದ್ದು ಆ ವ್ಯತ್ಯಾಸದೊಳಗೆ.

ಎಲ್ಲವೂ ಆರಂಭವಾದದ್ದು ನನ್ನದೇ ಅಜಾಗರೂಕತೆಯಿಂದ. ಬಚ್ಚಲುಮನೆಯ ನೆಲದ ಕಲೆ ಹೋಗಲೆಂದು ಮೊದಲು ಆಮ್ಲವಿರುವ ಕ್ಲೀನರ್ ಸುರಿದು, ಅದು ಸಾಲದೆಂದು ಅದರ ಮೇಲೆಯೇ ಬ್ಲೀಚ್ ಸುರಿದೆ. ಕಿಟಕಿ ಮುಚ್ಚಿತ್ತು. ಬ್ಲೀಚ್ ಆಮ್ಲದೊಡನೆ ಬೆರೆತರೆ ಕ್ಲೋರಿನ್ ಅನಿಲ ಹೊರಬರುತ್ತದೆ ಎಂಬುದನ್ನು ನಾನು ಶಾಲೆಯಲ್ಲಿ ಓದಿರಲೂಬಹುದು, ಆದರೆ ಕೈಯಲ್ಲಿ ಬಾಟಲಿ ಹಿಡಿದಾಗ ಓದಿದ್ದು ನೆನಪಿಗೆ ಬರಲಿಲ್ಲ. ಎರಡೇ ಉಸಿರಿನಲ್ಲಿ ಕಣ್ಣು, ಮೂಗು, ಗಂಟಲು ಒಟ್ಟಿಗೆ ಉರಿದವು. ಹೊರಗೆ ಓಡಿಬಂದು ಕೆಮ್ಮುತ್ತಾ ಗೋಡೆ ಹಿಡಿದು ನಿಂತೆ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು, ರಕ್ತದ ಆಮ್ಲಜನಕದ ಪ್ರಮಾಣ 98 ಎಂದರು, ಕೆಲವು ಗಂಟೆ ಇರಿಸಿಕೊಂಡು ಮನೆಗೆ ಕಳುಹಿಸಿದರು. ಒಂದು ವಾರ ದನಿ ಒಡೆದಿತ್ತು. ಅದು ಸರಿಹೋದಾಗ ಪ್ರಕರಣ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಗಂಟಲಿನ ಒಳಗಿನ ಅಸಹನೆ ಮಾತ್ರ ಮುಗಿದಿರಲಿಲ್ಲ. ಸುಮಾರು ಮೂರು ವಾರಗಳ ನಂತರ ಲಿಫ್ಟ್‌ನಲ್ಲಿ ನನ್ನ ಪಕ್ಕದಲ್ಲಿ ನಿಂತವರ ಸುಗಂಧದ್ರವ್ಯದ ವಾಸನೆ ಮೂಗಿಗೆ ಬಡಿಯಿತು. ಎರಡನೆಯ ಮಹಡಿ ದಾಟುವಷ್ಟರಲ್ಲಿ ಯಾರೋ ಒಳಗಿನಿಂದ ನನ್ನ ಕೊರಳನ್ನು ಹಿಡಿದು ಹಿಂಡಿದಂತಾಗಿ, ಉಸಿರಾಟದ ಜತೆಗೆ ಕೀರಲು ಸದ್ದೊಂದು ಹೊರಟಿತು. ಬಾಗಿಲು ತೆರೆದು ಹೊರಗೆ ಬಂದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಬಂದಷ್ಟೇ ಥಟ್ಟನೆ ಮಾಯವಾಯಿತು. ಆಮೇಲೆ ಹೊಸ ಬಣ್ಣ ಬಳಿದ ಕೋಣೆ, ನೆಲ ಒರೆಸುವ ದ್ರಾವಣ, ಡೀಸೆಲ್ ಹೊಗೆ, ಸಿಗರೇಟು, ಕೂದಲಿಗೆ ಹೊಡೆಯುವ ಸ್ಪ್ರೇ ಹೀಗೆ ಶತ್ರುಗಳ ಪಟ್ಟಿ ಬೆಳೆಯುತ್ತಾ ಹೋಯಿತು. ದಿನಕ್ಕೆ ಐದಾರು ಗಂಟೆ ಪಾಠ ಹೇಳುವುದು ನನ್ನ ಕೆಲಸವಾದ್ದರಿಂದ, ಒಂದು ತರಗತಿಯ ನಡುವೆ ವೈಟ್‌ಬೋರ್ಡ್ ಮಾರ್ಕರ್‌ನ ಮುಚ್ಚಳ ತೆಗೆದ ಮಾತ್ರಕ್ಕೆ ಮಾತು ನಿಂತುಹೋದ ದಿನ ನನಗೆ ನಿಜಕ್ಕೂ ಭಯವಾಯಿತು.

ಅಸ್ತಮಾ ಎಂದು ತೀರ್ಮಾನವಾಯಿತು. ಆ ತೀರ್ಮಾನವನ್ನು ನಾನು ದೂಷಿಸುವುದಿಲ್ಲ. ಕೆಮ್ಮು, ಸದ್ದು ಮಾಡುವ ಉಸಿರು, ಹೊಗೆ ಮತ್ತು ವಾಸನೆಗಳಿಂದ ಕೆರಳುವ ತೊಂದರೆ ಎಂದರೆ ಮೊದಲು ನೆನಪಾಗಬೇಕಾದದ್ದು ಅದೇ. ಅಲ್ಲದೆ ತೀವ್ರವಾದ ಅನಿಲವನ್ನು ಒಮ್ಮೆ ಉಸಿರಾಡಿದ ಮೇಲೆ ನಿಜವಾದ ಅಸ್ತಮಾ ಹುಟ್ಟಿಕೊಳ್ಳುವ ಸ್ಥಿತಿಯೂ ಇದೆ, 1985ರಿಂದ ವೈದ್ಯಕೀಯ ಸಾಹಿತ್ಯದಲ್ಲಿ ಅದಕ್ಕೆ ಪ್ರತ್ಯೇಕ ಹೆಸರೂ ಇದೆ. ಆಕ್ಷೇಪವಿರುವುದು ಮುಂದಿನದರ ಬಗ್ಗೆ. ಔಷಧದಿಂದ ಗುಣ ಕಾಣದಿದ್ದಾಗ ಔಷಧದ ಪ್ರಮಾಣವನ್ನು ಹೆಚ್ಚಿಸಲಾಯಿತೇ ಹೊರತು ತೀರ್ಮಾನವನ್ನು ಮತ್ತೆ ತೂಗಿ ನೋಡಲಿಲ್ಲ. ಪುಡಿಯ ರೂಪದ ಇನ್ಹೇಲರ್ ಎಳೆದುಕೊಂಡ ಮರುಕ್ಷಣವೇ ಗಂಟಲು ಇನ್ನಷ್ಟು ಬಿಗಿಯುತ್ತಿತ್ತು ಎಂದು ನಾನು ಹೇಳಿದಾಗ, ಬಳಸುವ ಕ್ರಮ ತಪ್ಪಿರಬೇಕು ಎಂಬ ಉತ್ತರ ಸಿಕ್ಕಿತು. ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡಿತು, ನಿದ್ದೆ ಹಾರಿತು, ಗಂಟಲು ಮಾತ್ರ ಇದ್ದ ಹಾಗೆಯೇ ಇತ್ತು.

ಈಗ ಆ ಪ್ರಶ್ನೆಯ ಅರ್ಥಕ್ಕೆ ಬರುತ್ತೇನೆ. ಅಸ್ತಮಾದಲ್ಲಿ ಕಿರಿದಾಗುವುದು ಶ್ವಾಸಕೋಶದೊಳಗಿನ ಸಣ್ಣ ನಾಳಗಳು. ಉಸಿರು ಬಿಡುವಾಗ ಅವು ಇನ್ನಷ್ಟು ಇಕ್ಕಟ್ಟಾಗುವುದರಿಂದ ಕಷ್ಟ ಹೆಚ್ಚು ಕಾಣುವುದು ನಿಶ್ವಾಸದಲ್ಲಿ, ಮತ್ತು ಸಿಳ್ಳೆಯಂಥ ಸದ್ದು ಕೇಳುವುದು ಎದೆಯಲ್ಲಿ. ನನ್ನದರಲ್ಲಿ ಕಿರಿದಾಗುತ್ತಿದ್ದುದು ಧ್ವನಿಪೆಟ್ಟಿಗೆ. ಅದರೊಳಗಿನ ಎರಡು ಧ್ವನಿತಂತುಗಳು ಉಚ್ಛ್ವಾಸದಲ್ಲಿ ಎರಡೂ ಪಕ್ಕಕ್ಕೆ ಸರಿದು ಗಾಳಿಗೆ ದಾರಿ ಬಿಡಬೇಕು. ನಿಶ್ವಾಸದಲ್ಲಿ ಅವು ಸ್ವಲ್ಪ ಹತ್ತಿರ ಬಂದರೂ ತೊಂದರೆಯಿಲ್ಲ. ವೋಕಲ್ ಕಾರ್ಡ್ ಡಿಸ್‌ಫಂಕ್ಷನ್ ಎಂಬ ಈ ಸ್ಥಿತಿಯಲ್ಲಿ ಕ್ರಮ ತಿರುಗುಮುರುಗಾಗುತ್ತದೆ: ಗಾಳಿಯನ್ನು ಎಳೆದುಕೊಳ್ಳಲು ಹೊರಟ ಕ್ಷಣದಲ್ಲಿಯೇ ತಂತುಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಕಷ್ಟವಿರುವುದು ಮುಖ್ಯವಾಗಿ ಒಳಗೆ ಎಳೆಯುವಾಗ, ಬಿಗಿತ ಕಾಣುವುದು ಕೊರಳಲ್ಲಿ, ಸದ್ದು ಕೇಳುವುದೂ ಕೊರಳಲ್ಲಿ. ಶ್ವಾಸಕೋಶ ಚೆನ್ನಾಗಿಯೇ ಇರುವುದರಿಂದ ಆಮ್ಲಜನಕದ ಪ್ರಮಾಣ ಸಾಮಾನ್ಯವಾಗಿ ಇಳಿಯುವುದಿಲ್ಲ. ಬೆರಳಿಗೆ ಸಿಕ್ಕಿಸುವ ಯಂತ್ರ 98 ತೋರಿಸುತ್ತಿರುವಾಗ ಸಾಯುತ್ತಿದ್ದೇನೆ ಎಂದು ಕೂಗುವ ರೋಗಿಯನ್ನು ನೋಡಿದವರಿಗೆ ಅನುಮಾನ ಬಂದರೆ ಅದು ಸಹಜವೇ, ಆದರೆ ಆ ಅನುಮಾನದ ಭಾರವನ್ನು ಹೊರುವವರು ರೋಗಿಗಳು.

ಧ್ವನಿತಂತುಗಳ ಈ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದೇಕೆ ಎಂದು ತಿಳಿಯಬೇಕಾದರೆ ಅದರ ಮೂಲ ಉದ್ಯೋಗವನ್ನು ನೆನೆಯಬೇಕು. ನಾವು ಧ್ವನಿಪೆಟ್ಟಿಗೆ ಎಂದು ಹೆಸರಿಟ್ಟಿದ್ದರೂ ಅದರ ಹಳೆಯ ಕೆಲಸ ಧ್ವನಿಯಲ್ಲ, ಕಾವಲು. ನುಂಗಿದ್ದು, ವಾಂತಿಯಾದದ್ದು, ವಿಷದ ಗಾಳಿ ಯಾವುದೂ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದು ಅದರ ಹೊಣೆ. ಅದರ ಮೇಲುಭಾಗದ ತೆಳುಪೊರೆಯಲ್ಲಿ ದೇಹದ ಹಲವು ಭಾಗಗಳಿಗಿಂತ ದಟ್ಟವಾಗಿ ನರದ ತುದಿಗಳು ಹರಡಿವೆ. ಅವು ಸಂಕೇತ ಕಳುಹಿಸಿದ ಕೂಡಲೇ ನಮ್ಮ ಅಪ್ಪಣೆಗೆ ಕಾಯದೆ ಬಾಗಿಲು ಮುಚ್ಚುತ್ತದೆ. ಧ್ವನಿಪೆಟ್ಟಿಗೆಯಲ್ಲಿ ತಂತುಗಳನ್ನು ಹತ್ತಿರ ತರುವ ಸ್ನಾಯುಗಳು ಹಲವು, ದೂರ ಸರಿಸುವ ಸ್ನಾಯು ಒಂದೇ ಜೊತೆ. ಕಾವಲಿನ ದೃಷ್ಟಿಯಿಂದ ಇದು ಸರಿಯಾದ ಏರ್ಪಾಡು, ನನ್ನಂಥವರಿಗೆ ಮಾತ್ರ ದುಬಾರಿ. ಒಮ್ಮೆ ಕಳ್ಳ ನುಗ್ಗಿದ ಮನೆಯ ಕಾವಲುಗಾರ ಆಮೇಲೆ ಗಾಳಿಗೆ ಎಲೆ ಅಲುಗಾಡಿದರೂ ಬಾಗಿಲು ಹಾಕುತ್ತಾನಲ್ಲ, ಹಾಗೆ ಕ್ಲೋರಿನ್‌ನ ಆ ಎರಡು ಉಸಿರಿನ ನಂತರ ನನ್ನ ಗಂಟಲಿನ ನರಗಳು ಕೆರಳಲು ಬೇಕಾದ ಪ್ರಚೋದನೆಯ ಮಟ್ಟ ಕೆಳಗಿಳಿದು, ಬೇರೆಯವರಿಗೆ ಮೂಗು ಸೊಟ್ಟಗೆ ಮಾಡುವಷ್ಟರಲ್ಲಿ ಮುಗಿಯುವ ವಾಸನೆ ನನಗೆ ಉಸಿರನ್ನೇ ತಡೆಯುವ ಸಂಗತಿಯಾಯಿತು. ಆಮ್ಲ ಗಂಟಲಿಗೆ ಏರಿಬರುವ ತೊಂದರೆಯಿರುವವರಲ್ಲಿ, ಮೂಗಿನ ಹಿಂಭಾಗದಿಂದ ಸದಾ ಸಿಂಬಳ ಇಳಿಯುವವರಲ್ಲಿ ಈ ನರಗಳು ಮೊದಲೇ ಕೆರಳಿರುತ್ತವೆ. ನನಗೆ ಇವೆರಡರಲ್ಲಿ ಮೊದಲನೆಯದು ಇತ್ತು, ಅದನ್ನು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಯಾವ ಅನಿಲ ಎಲ್ಲಿ ಹೊಡೆಯುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ನೀರಿನಲ್ಲಿ ಬೇಗ ಕರಗುವ ಅಮೋನಿಯ, ಹೈಡ್ರೋಜನ್ ಕ್ಲೋರೈಡ್, ಗಂಧಕದ ಡೈಆಕ್ಸೈಡ್‌ನಂಥವು ಮೂಗು ಮತ್ತು ಗಂಟಲಿನ ತೇವದಲ್ಲಿಯೇ ಕರಗಿ ಅಲ್ಲಿಯೇ ಸುಡುತ್ತವೆ. ಅಷ್ಟಾಗಿ ಕರಗದ ಫಾಸ್‌ಜೀನ್, ನೈಟ್ರೋಜನ್ ಡೈಆಕ್ಸೈಡ್‌ನಂಥವು ಗಂಟಲಿಗೆ ಹೆಚ್ಚು ಉರಿ ಕೊಡದೆ ಆಳಕ್ಕೆ ಇಳಿದು, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲವು. ಕ್ಲೋರಿನ್ ಇವೆರಡರ ನಡುವಿನದು, ಹೆಚ್ಚಾದರೆ ಎರಡೂ ಕಡೆ ಹಾನಿ ಮಾಡುವಂಥದು. ಹಾಗಾಗಿ ಉರಿ ಕಡಿಮೆಯಾಯಿತೆಂದು ಅಪಾಯ ಕಡಿಮೆ ಎಂದು ತಿಳಿಯುವಂತಿಲ್ಲ. ಅನಿಲ ಸೋರಿದ ಜಾಗದಲ್ಲಿದ್ದವರನ್ನು ಕೆಲವು ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಇದೇ ಕಾರಣಕ್ಕೆ.

ಆ ಪ್ರಶ್ನೆ ಕೇಳಿದ ವೈದ್ಯರು ನನ್ನ ಹಳೆಯ ಸ್ಪೈರೋಮೆಟ್ರಿ, ಎಂದರೆ ಉಸಿರನ್ನು ಅಳೆಯುವ ಪರೀಕ್ಷೆಯ, ವರದಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು. ಉಸಿರಿನ ವೇಗವನ್ನು ತೋರಿಸುವ ಆ ಗೆರೆಯಲ್ಲಿ ಎರಡು ಭಾಗಗಳಿರುತ್ತವೆ: ಮೇಲಿನದು ಉಸಿರು ಬಿಟ್ಟದ್ದು, ಕೆಳಗಿನದು ಎಳೆದುಕೊಂಡದ್ದು. ನನ್ನ ವರದಿಗಳಲ್ಲಿ ಮೇಲಿನ ಭಾಗ ಯಾವಾಗಲೂ ಸರಿಯಾಗಿಯೇ ಇತ್ತು. ಒಂದು ವರದಿಯಲ್ಲಿ, ಅಂದು ನಾನು ಹೊಸ ಬಣ್ಣದ ವಾಸನೆಯಿದ್ದ ಕಾರಿಡಾರಿನಲ್ಲಿ ಅರ್ಧ ಗಂಟೆ ಕಾದು ಕುಳಿತಿದ್ದೆ, ಬಟ್ಟಲಿನಂತೆ ದುಂಡಗಿರಬೇಕಾದ ಕೆಳಗಿನ ಭಾಗ ತಟ್ಟೆಯಂತೆ ಚಪ್ಪಟೆಯಾಗಿತ್ತು. ಕಾಗದ ಒಂದೂವರೆ ವರ್ಷ ನನ್ನ ಫೈಲಿನಲ್ಲಿಯೇ ಇತ್ತು. ಎಲ್ಲರೂ ನೋಡಿದ್ದು ಮೇಲಿನ ಅರ್ಧವನ್ನು, ಏಕೆಂದರೆ ಎಲ್ಲರೂ ಹುಡುಕುತ್ತಿದ್ದುದು ಅಸ್ತಮಾವನ್ನು. ತೊಂದರೆ ಇಲ್ಲದ ದಿನ ಈ ಪರೀಕ್ಷೆ ಪೂರ್ತಿ ಸರಿಯಾಗಿಯೇ ಬರುವುದು ಸಾಮಾನ್ಯ ಎಂಬುದನ್ನೂ ಹೇಳಬೇಕು. ಚಪ್ಪಟೆ ಗೆರೆ ಸಿಕ್ಕಿದ್ದು ನನ್ನ ಅದೃಷ್ಟ.

ಖಚಿತ ಮಾಡಿಕೊಳ್ಳಲು ಇದ್ದ ದಾರಿ ತೊಂದರೆ ನಡೆಯುತ್ತಿರುವಾಗಲೇ ಒಳಗೆ ನೋಡುವುದು. ಧ್ವನಿಪೆಟ್ಟಿಗೆಯನ್ನು ನೋಡುವ ತೆಳ್ಳಗಿನ ಲ್ಯಾರಿಂಗೋಸ್ಕೋಪ್ ಅನ್ನು ಮೂಗಿನ ಮೂಲಕ ಇಳಿಸಿ, ಮೊದಲು ಸುಮ್ಮನೆ ಉಸಿರಾಡಲು ಹೇಳಿದರು. ಎಲ್ಲವೂ ಸರಿಯಿತ್ತು. ಅನಂತರ, ತುರ್ತು ಏರ್ಪಾಡುಗಳನ್ನೆಲ್ಲ ಪಕ್ಕದಲ್ಲಿ ಇಟ್ಟುಕೊಂಡು, ನೆಲ ಒರೆಸುವ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದರು. ಇದನ್ನು ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು ಎಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ದೃಶ್ಯಮುದ್ರಣವನ್ನು ನನಗೂ ತೋರಿಸಿದರು. ಮುತ್ತಿನ ಬಣ್ಣದ ಎರಡು ಪಟ್ಟಿಗಳು ತೆರೆದ ಡೇರೆಯ ಬಾಗಿಲಿನಂತೆ ಇದ್ದವು. ಹತ್ತಿ ಹತ್ತಿರ ಬಂದ ಮೇಲೆ ಮೂರನೆಯ ಉಸಿರಿಗೆ, ನಾನು ಎಳೆದುಕೊಳ್ಳಲು ಹೊರಟ ಆ ಕ್ಷಣಕ್ಕೆ ಸರಿಯಾಗಿ, ಎರಡೂ ಬಂದು ಸೇರಿದವು. ಹಿಂಭಾಗದಲ್ಲಿ ವಜ್ರಾಕೃತಿಯ ಒಂದು ಕಿಂಡಿ ಮಾತ್ರ ಉಳಿದಿತ್ತು. ಎರಡು ವರ್ಷ ನಾನು ಬದುಕಿದ್ದು ಆ ಕಿಂಡಿಯ ಮೂಲಕ. ತೆರೆಯ ಮೇಲೆ ಅದನ್ನು ನೋಡಿದಾಗ ನನಗೆ ಮೊದಲು ಬಂದದ್ದು ಅಳು, ಅದರ ಬೆನ್ನಿಗೇ ನಗು.

ಅಳು ಬಂದದ್ದೇಕೆ ಎಂದು ಹೇಳಲೇಬೇಕು. ಔಷಧಗಳು ಸೋತ ಮೇಲೆ ನನಗೆ ಸಿಗುತ್ತಿದ್ದ ಉತ್ತರ “ಗಾಬರಿ ಮಾಡಿಕೊಳ್ಳುತ್ತೀರಿ” ಎಂಬುದು. ಮನೆಯವರು ಪ್ರೀತಿಯಿಂದಲೇ ಹೇಳಿದರು, ಸಹೋದ್ಯೋಗಿಗಳು ಬೆನ್ನ ಹಿಂದೆ ಹೇಳಿದರು, ಒಬ್ಬ ವೈದ್ಯರು ಚೀಟಿಯ ಮೇಲೆ ಬರೆದೂ ಕೊಟ್ಟರು. ಕನ್ನಡದಲ್ಲಿ ದುಃಖವಾದರೆ ಕೊರಳು ಉಬ್ಬಿ ಬರುತ್ತದೆ, ಭಯವಾದರೆ ಗಂಟಲು ಕಟ್ಟುತ್ತದೆ, ಹೇಳಲಾಗದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ; ಗಂಟಲಿನ ಬಿಗಿತವೆಂದರೆ ಭಾವನೆ ಎಂಬ ತೀರ್ಪು ನಮ್ಮ ನುಡಿಗಟ್ಟಿನಲ್ಲಿಯೇ ಇರುವಾಗ “ನನ್ನ ಗಂಟಲು ಬಿಗಿಯುತ್ತಿದೆ” ಎಂದು ಯಾರಿಗೆ ಹೇಳಿದರೂ ಅವರು ನನ್ನ ಮನಸ್ಸನ್ನು ವಿಚಾರಿಸತೊಡಗುತ್ತಿದ್ದರು.

ವೈದ್ಯಶಾಸ್ತ್ರದ ಚರಿತ್ರೆಯೂ ಬಹುಕಾಲ ಇದೇ ಜಾಡಿನಲ್ಲಿ ನಡೆದದ್ದು. 1842ರಲ್ಲಿ ರಾಬ್ಲಿ ಡಂಗ್ಲಿಸನ್ ಎಂಬ ವೈದ್ಯರು ಇಂಥ ಸ್ಥಿತಿಯನ್ನು ವರ್ಣಿಸುವಾಗ ಅದಕ್ಕೆ ಉನ್ಮಾದದ (ಹಿಸ್ಟೀರಿಯಾದ) ಹೆಸರನ್ನೇ ಅಂಟಿಸಿದರು. ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಗುರು 1854ರಲ್ಲಿ ಪುಟ್ಟ ಕನ್ನಡಿ ಮತ್ತು ಬಿಸಿಲಿನ ನೆರವಿನಿಂದ ತಮ್ಮದೇ ಧ್ವನಿತಂತುಗಳನ್ನು ನೋಡುವ ಉಪಾಯ ಕಂಡುಹಿಡಿದರು. ಅದೇ ಬಗೆಯ ಕನ್ನಡಿಯಿಂದ 1869ರಲ್ಲಿ ಮೊರೆಲ್ ಮೆಕೆಂಜಿ ಎಂಬ ಗಂಟಲಿನ ವೈದ್ಯರು, ಉಸಿರು ಎಳೆಯುವಾಗ ತಂತುಗಳು ಮುಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡರು, ಆದರೆ ಕಂಡದ್ದನ್ನು ಉನ್ಮಾದದ ಲೆಕ್ಕಕ್ಕೇ ಸೇರಿಸಿದರು. 1974ರಲ್ಲಿಯೂ ಒಂದು ವರದಿ ಇದನ್ನು ಕಾಯಿಲೆಯ ನಟನೆಯ ಜಾತಿಗೆ ಸೇರಿಸಿ ಹೆಸರಿಟ್ಟಿತು. ಅಸ್ತಮಾ ಎಂದು ಚಿಕಿತ್ಸೆ ಪಡೆಯುತ್ತಿದ್ದ ಐವರು ರೋಗಿಗಳ ಬಗ್ಗೆ ಅಮೆರಿಕದ ಡೆನ್ವರ್‌ನ ವೈದ್ಯರು 1983ರಲ್ಲಿ ಪ್ರಕಟಿಸಿದ ಬರಹದಿಂದ ವೋಕಲ್ ಕಾರ್ಡ್ ಡಿಸ್‌ಫಂಕ್ಷನ್ ಎಂಬ ಹೆಸರು ಚಲಾವಣೆಗೆ ಬಂದಿತು. ನನ್ನಂಥವರ ಕಥೆ, ಎಂದರೆ ಹೊಗೆಯನ್ನೋ ಅನಿಲವನ್ನೋ ಒಮ್ಮೆ ಉಸಿರಾಡಿದ 24 ಗಂಟೆಗಳೊಳಗೆ ಲಕ್ಷಣಗಳು ಕಾಣಿಸಿಕೊಂಡು ಅನಂತರ ಬೇರೂರುವ ಬಗೆ, ಪ್ರತ್ಯೇಕವಾಗಿ ದಾಖಲಾದದ್ದು 1998ರಲ್ಲಿ. ಈಚೆಗೆ ತಜ್ಞರು ಬಳಸುತ್ತಿರುವ ಹೆಸರಿನಲ್ಲಿ ಧ್ವನಿಪೆಟ್ಟಿಗೆಯಲ್ಲಿ ಕೆರಳಿಕೆಯಿಂದ ಉಂಟಾಗುವ ತಡೆ ಎಂಬಷ್ಟೇ ಅರ್ಥವಿದೆ, ಮನಸ್ಸಿನ ಸುಳಿವಿಲ್ಲ. ಹೆಸರು ಬದಲಾಗಲು ಒಂದೂವರೆ ಶತಮಾನ ಹಿಡಿಯಿತು ಎಂಬುದನ್ನು ತಿಳಿದ ಮೇಲೆ ನನ್ನ ಎರಡು ವರ್ಷದ ಬಗ್ಗೆ ಸಿಟ್ಟು ಸ್ವಲ್ಪ ಇಳಿಯಿತು.

ಮನಸ್ಸಿಗೆ ಇದರಲ್ಲಿ ಪಾಲೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಬ್ಲೀಚ್ ಬಾಟಲಿಯನ್ನು ಅಂಗಡಿಯ ಕಪಾಟಿನಲ್ಲಿ, ಮುಚ್ಚಳ ಹಾಕಿದ್ದಾಗಲೇ, ನೋಡಿ ನನ್ನ ಗಂಟಲು ಬಿಗಿದದ್ದುಂಟು. ಆದರೆ ಹುಳಿಯ ಹೆಸರು ಕೇಳಿದ ಕೂಡಲೇ ಬಾಯಲ್ಲಿ ನೀರೂರುತ್ತದೆ. ಅದನ್ನು ಯಾರೂ ಮನೋರೋಗ ಎನ್ನುವುದಿಲ್ಲ. ಕಲಿತ ಪ್ರತಿವರ್ತನೆಯೂ ದೇಹದ್ದೇ. ಉಸಿರು ನಿಂತವರಿಗೆ ಗಾಬರಿಯಾಗುತ್ತದೆ, ಗಾಬರಿಯಿಂದ ಸ್ನಾಯು ಇನ್ನಷ್ಟು ಬಿಗಿಯುತ್ತದೆ ಎಂಬುದೂ ನಿಜ, ಆದರೆ ಯಾವುದು ಮೊದಲು ಬಂದಿತು ಎಂಬುದನ್ನು ಆ ದೃಶ್ಯಮುದ್ರಣದಲ್ಲಿ ನಾನು ನೋಡಿದ್ದೇನೆ.

ಚಿಕಿತ್ಸೆ ಎಂದರೆ ಹೊಸ ಮಾತ್ರೆಯಲ್ಲ, ಸ್ಪೀಚ್ ಥೆರಪಿ. ಮಾತು ತೊದಲುವವರಿಗೆ ಮಾತ್ರ ಅದು ಎಂದುಕೊಂಡಿದ್ದ ನಾನು ಮೊದಲ ದಿನ ಅರೆಮನಸ್ಸಿನಿಂದಲೇ ಹೋದೆ. ಅಲ್ಲಿ ಕಲಿತ ಮೊದಲ ಪಾಠ ನನ್ನ ಎರಡು ವರ್ಷದ ಅಭ್ಯಾಸಕ್ಕೆ ತದ್ವಿರುದ್ಧವಾಗಿತ್ತು: ಉಸಿರು ಸಿಗದಿದ್ದಾಗ ಜೋರಾಗಿ ಎಳೆಯಬಾರದು. ಒದ್ದೆಯಾದ ಕಾಗದದ ಕೊಳವೆಯನ್ನು ಬಾಯಿಂದ ಬಲವಾಗಿ ಹೀರಿದರೆ ಅದರ ಗೋಡೆಗಳು ಒಳಕ್ಕೆ ಕುಸಿದು ಅಂಟಿಕೊಳ್ಳುತ್ತವೆ. ಹತ್ತಿರ ಬಂದ ಧ್ವನಿತಂತುಗಳಿಗೂ ಬಲವಂತದ ಎಳೆತ ಅದನ್ನೇ ಮಾಡುತ್ತದೆ. ಆದ್ದರಿಂದ ಬಾಯಿ ಮುಚ್ಚಿ, ನಾಲಿಗೆಯನ್ನು ಕೆಳಗೆ ಸಡಿಲ ಬಿಟ್ಟು, ಹೂವನ್ನು ಮೂಸುವಂತೆ ಮೂಗಿನಿಂದ ಎರಡು ಪುಟ್ಟ ಎಳೆತ. ಆಮೇಲೆ ತುಟಿಗಳ ಸಂದಿನಿಂದ ನಿಧಾನವಾಗಿ, “ಸ್‌” ಎಂದೋ “ಶ್‌” ಎಂದೋ ಎಳೆದು ಉಸಿರು ಬಿಡುವುದು. ಮೂಸುವಾಗ ತಂತುಗಳು ತಾವಾಗಿ ಅಗಲವಾಗುತ್ತವೆ. ಮೂಸುವುದೆಂದರೆ ಅದೇ ವಾಸನೆಯನ್ನು ಇನ್ನಷ್ಟು ಒಳಗೆಳೆದಂತಲ್ಲವೇ ಎಂದು ನಾನು ಕೇಳಿದ್ದೆ. ಮೊದಲು ಆ ಜಾಗದಿಂದ ಸರಿಯಿರಿ, ಆಮೇಲೆ ಮೂಸಿರಿ ಎಂದು ಚಿಕಿತ್ಸಕಿ ನಕ್ಕರು.

ಇಲ್ಲಿ ಭಾಷೆಯ ಪಾಠ ಹೇಳುವವರ ಒಂದು ಚಪಲವನ್ನು ಓದುಗರು ಕ್ಷಮಿಸಬೇಕು. ಶ, ಷ, ಸಗಳನ್ನು ನಮ್ಮ ವ್ಯಾಕರಣ ಊಷ್ಮಾಕ್ಷರಗಳೆಂದು ಕರೆಯುತ್ತದೆ. ಸಂಸ್ಕೃತದ ಹಳೆಯ ಧ್ವನಿಶಾಸ್ತ್ರಜ್ಞರು ಅವುಗಳ ಬಾಹ್ಯಪ್ರಯತ್ನವನ್ನು, ಎಂದರೆ ಉಚ್ಚರಿಸುವಾಗ ಕೊರಳು ಇರುವ ಬಗೆಯನ್ನು, ವಿವಾರ, ಶ್ವಾಸ, ಅಘೋಷ ಎಂದು ಗುರುತಿಸಿದ್ದಾರೆ. ವಿವಾರ ಎಂದರೆ ಕಂಠ ತೆರೆದಿರುವುದು. ಲ್ಯಾರಿಂಗೋಸ್ಕೋಪ್ ಇಲ್ಲದ ಕಾಲದಲ್ಲಿ, ಕೇವಲ ತಮ್ಮ ಕೊರಳನ್ನು ಗಮನಿಸಿ ಅವರು ತಿಳಿದುಕೊಂಡದ್ದನ್ನೇ ನನ್ನ ಚಿಕಿತ್ಸಕಿ ಮದ್ದಾಗಿ ಕೊಡುತ್ತಿದ್ದರು: ಆ ಅಕ್ಷರವನ್ನು ಉಚ್ಚರಿಸುತ್ತಿರುವವರೆಗೆ ಬಾಗಿಲು ಮುಚ್ಚಲಾರದು.

ತೊಂದರೆಯಿಲ್ಲದಿರುವಾಗಲೂ ದಿನಕ್ಕೆ ಹಲವು ಸಲ ಇದನ್ನು ಅಭ್ಯಾಸ ಮಾಡಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ. ಆಮ್ಲ ಏರಿಬರುವುದಕ್ಕೆ ಬೇರೆ ಔಷಧ, ಊಟದ ಹೊತ್ತಿನ ಬದಲಾವಣೆ, ಪದೇ ಪದೇ ಗಂಟಲು ಕೆರೆದುಕೊಳ್ಳುವ ಚಾಳಿಯನ್ನು ಬಿಡುವುದು, ಅದರ ಬದಲು ಒಂದು ಗುಟುಕು ನೀರು. ಇಷ್ಟಕ್ಕೂ ಬಗ್ಗದ ಕೆಲವರಿಗೆ ತಂತುಗಳ ಸ್ನಾಯುವಿಗೆ ಅದನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಕೊಡುವುದುಂಟು. ತೀವ್ರ ಸಂದರ್ಭದಲ್ಲಿ, ಗಾಳಿಗಿಂತ ಹಗುರವಾಗಿ ಇಕ್ಕಟ್ಟಿನಲ್ಲಿ ಸುಲಭವಾಗಿ ಹರಿಯುವ ಹೀಲಿಯಂ–ಆಮ್ಲಜನಕದ ಮಿಶ್ರಣವನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ನನಗೆ ಅವೆರಡೂ ಬೇಕಾಗಲಿಲ್ಲ.

ನನ್ನ ಇನ್ಹೇಲರ್‌ಗಳನ್ನು ವೈದ್ಯರು ಮೆಥಕೋಲಿನ್ ಪರೀಕ್ಷೆ (ಅಸ್ತಮಾ ಇರುವವರ ಶ್ವಾಸನಾಳಗಳನ್ನು ಕಿರಿದಾಗಿಸುವ ಔಷಧವನ್ನು ಉಸಿರಾಡಿಸಿ ನೋಡುವುದು) ಮಾಡಿಸಿ, ಅಸ್ತಮಾ ಇಲ್ಲವೆಂದು ನೋಡಿಕೊಂಡ ಮೇಲೆ ಹಂತಹಂತವಾಗಿ ನಿಲ್ಲಿಸಿದರು. ಇದನ್ನು ಓದಿ ಯಾರಾದರೂ ತಮ್ಮ ಇನ್ಹೇಲರನ್ನು ಎಸೆದರೆ ಅದು ನನ್ನ ಬಚ್ಚಲುಮನೆಯ ತಪ್ಪಿಗಿಂತ ದೊಡ್ಡ ತಪ್ಪಾದೀತು, ಏಕೆಂದರೆ ಅಸ್ತಮಾ ಮತ್ತು ಇದು ಒಬ್ಬರಲ್ಲಿಯೇ ಜೊತೆಯಾಗಿ ಇರುವುದು ಅಪರೂಪವಲ್ಲ. ಅದೇ ರೀತಿ ತುಟಿ ಅಥವಾ ನಾಲಿಗೆ ಊದಿಕೊಂಡು, ಮೈಮೇಲೆ ದದ್ದು ಎದ್ದು ಉಸಿರು ಕಟ್ಟಿದರೆ ಅದು ತೀವ್ರ ಅಲರ್ಜಿ. ಆಗ ಮೂಸುತ್ತಾ ಕೂರುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಮುಗಿದು ಈಗ ಹದಿನಾಲ್ಕು ತಿಂಗಳು. ನನ್ನ ಕೈಚೀಲದಲ್ಲಿ ಒಂದು ಚೀಟಿ ಇದೆ: “ನನಗೆ ಧ್ವನಿತಂತುಗಳ ತೊಂದರೆ ಇದೆ. ಮಾತನಾಡಿಸಬೇಡಿ. ತೆರೆದ ಗಾಳಿಗೆ ಕರೆದುಕೊಂಡು ಹೋಗಿ. ಐದು ನಿಮಿಷ ಕಾಯಿರಿ, ಕಡಿಮೆಯಾಗದಿದ್ದರೆ ಆಂಬುಲೆನ್ಸ್ ಕರೆಯಿರಿ.” ಇದುವರೆಗೆ ಅದನ್ನು ತೋರಿಸಬೇಕಾಗಿ ಬಂದದ್ದು ಒಂದೇ ಸಲ. ಕಳೆದ ವಾರ ಶಾಲೆಯ ಮೆಟ್ಟಿಲುಗಳನ್ನು ಯಾವುದೋ ಘಾಟಿನ ದ್ರಾವಣದಿಂದ ತೊಳೆದಿದ್ದರು. ಮೊದಲ ತಿರುವಿನಲ್ಲಿಯೇ ಕೊರಳಲ್ಲಿ ಆ ಪರಿಚಿತ ಹಿಡಿತ ಗೊತ್ತಾಯಿತು. ಇಳಿದು ಅಂಗಳಕ್ಕೆ ಬಂದು, ಕಂಬಕ್ಕೆ ಒರಗಿ, ಎಳೆಯುವಾಗ ತಡೆಯುತ್ತಿದೆ, ಬಿಡುವಾಗ ಇಲ್ಲ ಎಂದು ನೋಡಿಕೊಂಡು, “ಸ್‌” ಎಂದು ಉಸಿರು ಬಿಡತೊಡಗಿದೆ. ಆರನೆಯ ಉಸಿರಿಗೆ ಬಿಗಿ ಸಡಿಲಿತು. ಸುಮ್ಮನಿರಿ ಎಂದು ತಮಗೇ ಹೇಳುತ್ತಿದ್ದೇನೆಂದು ತಿಳಿದ ಇಬ್ಬರು ಹುಡುಗರು ತುಟಿಯ ಮೇಲೆ ಬೆರಳಿಟ್ಟುಕೊಂಡು, ಶಬ್ದ ಮಾಡದೆ ನನ್ನ ಪಕ್ಕದಿಂದ ಹಾದುಹೋದರು.